ಬೀಳಲಿ ಎಂದು ಕಾಯುವುದು

ಟೈಲರಮ್ಮ ಬರುವುದಿಲ್ಲ ಎಂದರೆ ಬರುವುದಿಲ್ಲ. ಮೂರನೇ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ, ಹೊಲಿಗೆ ಮಷಿನ್ನಿಗೆ ಬೆನ್ನು ಆನಿಸಿ ನೆಲದ ಮೇಲೆ ಕುಳಿತಿದ್ದರು. ಹಣೆಯಲ್ಲಿ ಬೆವರು ಕಿತ್ತುಬರುತ್ತಿತ್ತು, ಎಡಗೈ ಜೋಮು ಹಿಡಿದಿತ್ತು. ಹಟ ಮಾತ್ರ ಒಂದಿಷ್ಟೂ ಸಡಿಲವಾಗಿರಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದ್ದು ಕೆಳಗಿನ ಮನೆಯಾಕೆ. ಉಪಕಾರ ಮಾಡಲು ಹೋಗಿ ಬೈಸಿಕೊಂಡು, ಪಾಪ, ಬಾಗಿಲಾಚೆ ನಿಂತಿದ್ದಳು.

ಆಂಬುಲೆನ್ಸಿನ ನರ್ಸ್ ಇಸಿಜಿ ತೆಗೆದಳು. ಅದನ್ನು ನೋಡಿದ್ದೇ ಮಾತ್ರೆಯೊಂದನ್ನು ಅಗಿಯಲು ಕೊಟ್ಟು, "ಅಮ್ಮಾ, ಇದು ಹಾರ್ಟ್ ಅಟ್ಯಾಕ್. ಆಸ್ಪತ್ರೆಗೆ ಹೋಗ್ಲೇಬೇಕು" ಎಂದಳು.

"ಗ್ಯಾಸು ಕಣೇ ಅದು."

"ಗ್ಯಾಸಲ್ಲ."

"ಏನಾದ್ರೂ ಆಗ್ಲಿ. ನಿಮ್ಮ ಗಾಡಿ ಹತ್ತೋಳಲ್ಲ ನಾನು. ಹೋದ್ವರ್ಷ ನಮ್ಮ ಯಜಮಾನ್ರನ್ನ ಹತ್ತಿಸ್ದೆ. ದಾರೀಲೇ ಹೋಗ್ಬಿಟ್ರು. ಆಮೇಲೆ ಬಿಲ್ ಬಂತು. ಗಾಡಿ ಬಾಡಿಗೆ ಬೇರೆ, ಆಕ್ಸಿಜನ್ ಬೇರೆ, ಕಿಲೋಮೀಟರಿಗಿಷ್ಟು ಅಂತ ಬೇರೆ. ಮನುಷ್ಯ ತಲುಪ್ಲಿಲ್ಲ, ಮೀಟರ್ ಮಾತ್ರ ತಲುಪ್ತು. ಇವತ್ತಿಗೂ ಕಂತು ಕಟ್ತಾ ಇದ್ದೀನಿ. ಈಗ ನಾನೂ ದಾರೀಲಿ ಹೋದ್ರೆ ಎರಡೂ ಬಿಲ್ ನನ್ನ ಮಗಳ ತಲೆಗೆ."

ಬಿಲ್ ಹಾಕುವುದು ನರ್ಸ್ ಅಲ್ಲ, ಆಂಬುಲೆನ್ಸ್ ಕಂಪನಿಯ ಆಫೀಸು. ರೋಗಿ ಹತ್ತಿ ಗಾಡಿಯ ಚಕ್ರ ತಿರುಗದಿದ್ದರೆ ಬಿಲ್ಲಿಲ್ಲ. ತಿರುಗಿತೋ, ಒಳಗಿದ್ದವರು ಬದುಕಲಿ ಬಿಡಲಿ, ಬಿಲ್ ತಪ್ಪಿದ್ದಲ್ಲ. ಇಂಥ ನಿಯಮ ಮಾಡಿದ ಮಹಾನುಭಾವರು ಮೂರು ಮಹಡಿ ಹತ್ತಿ ಬಂದು ಟೈಲರಮ್ಮನ ಮುಖ ನೋಡುವುದಿಲ್ಲ. ನೋಡಬೇಕಾದವಳು ಇವಳು.

ಇನ್ನೊಂದು ನಿಯಮವೂ ಇತ್ತು. ಪ್ರಜ್ಞೆ ಇದ್ದವರು ಬೇಡವೆಂದರೆ ಎತ್ತುವಂತಿಲ್ಲ. ಪ್ರಜ್ಞೆ ತಪ್ಪಿದರೆ ಕೇಳದೆ ಎತ್ತಬಹುದು. ಹಾಗಾಗಿ ಆಂಬುಲೆನ್ಸಿನವರಲ್ಲಿ ಒಂದು ರೂಢಿ ಬೆಳೆದಿತ್ತು, ಯಾರೂ ಹೇಳಿಕೊಡದೆ ಎಲ್ಲರಿಗೂ ಬರುವ ರೂಢಿ. ರೋಗಿ ಹಟ ಹಿಡಿದರೆ ಇವರು ಹೊರಡುವುದಿಲ್ಲ. ಏನಾದರೊಂದು ನೆವ ತೆಗೆದು ಅಲ್ಲೇ ಕೂರುತ್ತಾರೆ, ಹರಟೆ ಹೊಡೆಯುತ್ತಾರೆ, ರೋಗಿ ಬೀಳಲಿ ಎಂದು ಕಾಯುತ್ತಾರೆ. ಬಿದ್ದವರಲ್ಲಿ ಕೆಲವರನ್ನು ಉಳಿಸಿಕೊಳ್ಳಬಹುದು. ಕೆಲವರು ಬಿದ್ದಲ್ಲೇ ಹೋಗುತ್ತಾರೆ.

ಡ್ರೈವರ್ ರೋಗಿಯನ್ನು ಹೊರುವ ಮಡಚು ಕುರ್ಚಿಯನ್ನು ಬಿಡಿಸಿ ಬಾಗಿಲ ಬಳಿ ಇಟ್ಟ. ಕಾಯೋಣ ಎಂದು ಕಣ್ಣಲ್ಲೇ ಹೇಳಿದ. ನರ್ಸ್ ಬಿಪಿ ನೋಡುವ ನೆವದಲ್ಲಿ ಟೈಲರಮ್ಮನ ಪಕ್ಕದಲ್ಲಿ ಕುಳಿತಳು.

"ಈ ಮಷಿನ್ ತುಂಬಾ ಹಳೇದಾಮ್ಮಾ?"

"ನಿನಗಿಂತ ಹಳೇದು. ನಿನಗಿಂತ ಕಡಿಮೆ ಮಾತಾಡುತ್ತೆ." ಟೈಲರಮ್ಮ ಏದುಸಿರು ಬಿಟ್ಟರು. "ನಿನ್ನ ಯೂನಿಫಾರ್ಮ್ ಹೊಲ್ದೋನು ಯಾವನೇ? ಭುಜ ಇಳಿದುಹೋಗಿದೆ."

ನರ್ಸ್ ನಕ್ಕಳು. ಬೆರಳ ತುದಿಯಲ್ಲಿ ಅವರ ನಾಡಿ ತಪ್ಪಿ ತಪ್ಪಿ ಸಿಗುತ್ತಿತ್ತು. ನಗುತ್ತಲೇ ಒಳಗೊಳಗೆ ಬೇಡಿಕೊಂಡಳು: ಬೀಳಲಿ ದೇವರೇ, ಬೇಗ ಬೀಳಲಿ. ತಾನು ಬೇಡುತ್ತಿರುವುದು ಏನೆಂದು ಹೊಳೆದಾಗ ತನ್ನ ಮೇಲೇ ಹೇಸಿಗೆಯಾಯಿತು.

ಟೈಲರಮ್ಮ ಬಾಗಿಲ ಬಳಿಯ ಕುರ್ಚಿ ನೋಡಿದರು, ಡ್ರೈವರನ್ನು ನೋಡಿದರು, ಆಮೇಲೆ ಇವಳನ್ನು. ನೋಡಿಯೇ ಅಳತೆ ಹಿಡಿಯುವ ಕಣ್ಣು ಅದು.

"ನಾನು ಬೀಳ್ಲಿ ಅಂತ ಕಾಯ್ತಿದ್ದೀರಾ?"

ಡ್ರೈವರ್ ತಲೆ ತಗ್ಗಿಸಿದ. ನರ್ಸಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಹೂಂ ಅಮ್ಮಾ. ಬಿದ್ರೆ ಎತ್ಕೊಂಡು ಹೋಗ್ಬಹುದು. ಆದ್ರೆ ಅಷ್ಟೊತ್ತಿಗೆ ಕೈ ಮೀರಿರುತ್ತೇನೋ."

"ಆಗ್ಲೂ ಬಿಲ್ ಬರುತ್ತೆ?"

"ಬರುತ್ತೆ."

ಕೆಳಗಿನ ಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ನಿಮ್ಮಮ್ಮ ಹೀಗೆ ಕೂತಿದ್ರೂ ಕಾಯ್ತಾ ಇರ್ತಿದ್ಯಾ?" ಟೈಲರಮ್ಮ ನರ್ಸನ್ನು ಕೇಳಿದರು.

"ಇಲ್ಲ," ಎಂದಳು ನರ್ಸ್. "ಅವಳ ಮಾತು ಯಾರು ಕೇಳ್ತಾರೆ? ಬೈದ್ರೆ ಬೈಲಿ ಅಂತ ಎತ್ಕೊಂಡು ಓಡ್ತಿದ್ದೆ."

ನೋವು ಮತ್ತೆ ಹಿಂಡಿರಬೇಕು, ಟೈಲರಮ್ಮ ಕಣ್ಣು ಮುಚ್ಚಿದರು. ತೆರೆದಾಗ ಬಲಗೈಯನ್ನು ಅವಳ ಕಡೆ ಚಾಚಿದರು.

"ಮತ್ತೆ ಇನ್ನೂ ಕೂತಿದ್ದೀಯಲ್ಲೇ," ಎಂದರು. "ಎತ್ಕೋ."