ಕೆರೆಯ ಮೇಲಿನ ಹಸಿರು

ತಟ್ಟೆಯಲ್ಲಿ ಉಪ್ಪಿಟ್ಟು ಆರುತ್ತಿತ್ತು. ವನಿತಾ ಲ್ಯಾಪ್‌ಟಾಪನ್ನು ಅಪ್ಪ ಮಾರಯ್ಯನ ಕಡೆ ತಿರುಗಿಸಿ, ಅಂಜನಾಪುರದಾಚೆಯ ತಮ್ಮ ಊರನ್ನು ಉಪಗ್ರಹದ ಚಿತ್ರದಲ್ಲಿ ತೋರಿಸಿದಳು. ಐದು ವರ್ಷಗಳಲ್ಲಿ ಅಲ್ಲಿನ ಹಸಿರು ನೂರಕ್ಕೆ ಹನ್ನೊಂದರಷ್ಟು ಹೆಚ್ಚಿದೆ ಎಂದು ವರದಿ ಬರೆದವಳು ಅವಳೇ. ಬನಶಂಕರಿಯ ಆಫೀಸಿನಲ್ಲಿ ಅವಳ ಕೆಲಸವೇ ಅದು.

ಮಾರಯ್ಯ ಆ ಊರಿನ ಕೊನೆಯ ನೀರಗಂಟಿ, ಗದ್ದೆಗಳಿಗೆ ಕೆರೆಯ ನೀರು ಬಿಡುತ್ತಿದ್ದವನು. ಮಂಡಿನೋವು ಹಿಡಿದ ಮೇಲೆ ಆ ಕಡೆ ಹೋಗಿರಲಿಲ್ಲ. ಕನ್ನಡಕ ಏರಿಸಿಕೊಂಡು, ನಡುವೆ ಇಷ್ಟು ಹಸಿರಾಗಿರುವುದೇನೆಂದು ಕೇಳಿದ. ಗಿಡಮರ ಎಂದಳು ವನಿತಾ.

"ಅದು ಕೆರೆ ಕಣವ್ವ. ಕೆರೆ ಮೇಲೆ ಮರ ಬೆಳೀತದಾ? ಅಂತರಗಂಗೆ ಕಳೆ ಹಬ್ಬೈತೆ. ಕೆರೆ ಸಾಯ್ತಾ ಐತೆ."

ಕಂಪ್ಯೂಟರಿಗೆ ಎಲೆಯೆಂದರೆ ಎಲೆ. ಹೊಂಗೆಯದೋ ಕಳೆಯದೋ ಎಂದು ಅದು ಕೇಳುವುದಿಲ್ಲ. ಕೇಳಬೇಕಾದವಳು ಇವಳು. ವರದಿಯ 'ಸ್ಥಳಕ್ಕೆ ಹೋಗಿ ನೋಡಿದವರು' ಎಂಬ ಸಾಲಿನಲ್ಲಿ ಆಫೀಸಿನವರೆಲ್ಲ ಕುರ್ಚಿ ಬಿಡದೆ ಸಹಿ ಹಾಕುತ್ತಿದ್ದರು, ಇವಳೂ ಹಾಕಿದ್ದಳು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಇವಳು ನೋಡಿದ್ದು ಆಕಾಶದಿಂದ, ಅದೂ ಹುಟ್ಟಿದ ಊರನ್ನು.

ಊರ ಗುಂಡುತೋಪಿನ ಹೊಂಗೆಮರಗಳನ್ನು ರಸ್ತೆಗಾಗಿ ಕಡಿಯಬಹುದೇ ಎಂಬುದು ಆ ವರದಿಯ ಮೇಲೆ ನಿಂತಿತ್ತು; ಹಸಿರು ಹೆಚ್ಚಿದ್ದರೆ ಕಡಿಯಲು ಒಪ್ಪಿಗೆ. ವನಿತಾ ಅಂದೇ ಮೇಲಧಿಕಾರಿ ನಂದಕುಮಾರ್ ಬಳಿ ತಪ್ಪು ಒಪ್ಪಿಕೊಂಡಳು. ಅವರು ಕೆಟ್ಟವರಲ್ಲ, ಹೆದರಿದವರು.

"ಈಗ ತಪ್ಪು ಅಂದ್ರೆ ಹಳೇ ರಿಪೋರ್ಟ್‌ಗಳನ್ನೆಲ್ಲ ಯಾರು ನಂಬ್ತಾರೆ ಹೇಳಿ? ಹತ್ತು ಜನರ ಕೆಲಸ ಹೋಗುತ್ತೆ. ಸ್ವಲ್ಪ ದಿನ ಸುಮ್ನಿರಿ ವನಿತಾ."

ಅವಳು ಸುಮ್ಮನಿದ್ದಳು. ಎಂಟು ದಿನ. ನಾಚಿಕೆಗೇಡು, ಆದರೆ ಸುಮ್ಮನಿದ್ದಳು.

ಒಂಬತ್ತನೆಯ ದಿನ ತಡೆಯಲಾರದೆ ಅಪ್ಪನನ್ನು ಆಟೋದಲ್ಲಿ ಕೂರಿಸಿಕೊಂಡು ಊರಿಗೆ ಹೋದಳು. ಕೆರೆ ತುಂಬ ಕಳೆ, ನೀರು ಕಾಣಲೇ ಇಲ್ಲ. ತೋಪಿನಲ್ಲಿ ನೆರಳಿರಲಿಲ್ಲ, ಹಸಿ ಮರದ ವಾಸನೆಯಿತ್ತು. ಮಾರಯ್ಯ ಒಂದು ಬೊಡ್ಡೆಯ ಮೇಲೆ ಕುಳಿತು ಅದನ್ನು ಸವರಿದ.

"ಕಡೀಬೋದು ಅಂತ ಯಾರೋ ಬಂದು ನೋಡಿ ಬರ್ಕೊಟ್ಟಿರ್ಬೇಕಲ್ವಾ? ಯಾರವ್ವ ಅವ್ರು?"

ವನಿತಾಳಿಗೆ ಅಳು ಬಂತು. "ನಾನೇ ಅಪ್ಪ. ಇಲ್ಲಿಗೆ ಬರದೇನೇ ಸೈನ್ ಹಾಕ್ದೆ."

ಮಾರಯ್ಯ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತೋ ಏನೋ.

ಅವಳು ಪಕ್ಕದ ಬೊಡ್ಡೆಯ ಮೇಲೆ ಕುಳಿತು ಲ್ಯಾಪ್‌ಟಾಪ್ ತೆರೆದಳು. ಲೆಕ್ಕದಿಂದ ಕೆರೆಯನ್ನು ತೆಗೆದಾಗ ಹಸಿರು ಹೆಚ್ಚಿರಲಿಲ್ಲ, ಐದು ವರ್ಷದ ಹಿಂದಿನದರ ಅರ್ಧಕ್ಕೆ ಇಳಿದಿತ್ತು. ಇನ್ನು ಇದರಿಂದ ಒಂದು ಮರವೂ ಉಳಿಯುವುದಿಲ್ಲ, ತನ್ನ ಕೆಲಸವೂ ಉಳಿಯಲಾರದು. ಆದರೂ ಹಳೆಯ ವರದಿ ಹೋದವರಿಗೆಲ್ಲ ಹೊಸದನ್ನು ಕಳಿಸಿದಳು. ಅದರ ಕೊನೆಯ ಸಾಲುಗಳನ್ನು ಮಾತ್ರ ಅಪ್ಪನಿಗೆ ಓದಿ ಹೇಳಿದಳು:

ಸ್ಥಳಕ್ಕೆ ಹೋಗಿ ನೋಡಿದವರು: ನೀರಗಂಟಿ ಮಾರಯ್ಯ, ಅವರ ಮಗಳು ವನಿತಾ. ಕಂಡದ್ದು: ಬೊಡ್ಡೆಗಳು.