ಮೂರನೇ ದಿನದ ಹಾಲು

“ಬೀಗ ಜಡ್ದೈತೆ, ಕಣ್ಣು ಕಾಣ್ಸಲ್ವೇನೇ ಮುಂಡೆ? ಬೇಲಿ ಮ್ಯಾಲೆ ಕೈ ಇಕ್ಕಿದ್ರೆ ಮುರ್ದಾಕ್ತೀನಿ!”

ಕಾವಲಿನ ಪಳನಿ ಮುಳ್ಳುತಂತಿಯ ಆಚೆ ನಿಂತು ಕಿರುಚಿದ. ಮುನಿಲಕ್ಷ್ಮಿಗೆ ‘ಮುಂಡೆ’ ಎಂಬ ಬೈಗುಳ ಹೊಸದಲ್ಲ. ಕಳೆ ಕೀಳುವಾಗ, ಗೊಬ್ಬರ ಹೊರುವಾಗ ಅದನ್ನು ಕೇಳಿಸಿಕೊಂಡೇ ಅವಳ ತಲೆ ನರೆತಿತ್ತು. ಅದು ನಿಜವಾದದ್ದು ಮಾತ್ರ ಮೊನ್ನೆ.

ಮೊನ್ನೆ ಸಂಜೆ ಅವಳ ಗಂಡ ಪಾಪಣ್ಣನನ್ನು ಇದೇ ಕೆರೆಯಂಚಿನ ಸುಡುಗಾಡಿನಲ್ಲಿ, ಹೊಂಗೆಮರದ ಬುಡದಲ್ಲಿ ಮಣ್ಣು ಮಾಡಿದ್ದರು. ಆಗ ಇಲ್ಲಿ ಬೇಲಿಯೂ ಇರಲಿಲ್ಲ, ಬೀಗವೂ ಇರಲಿಲ್ಲ. ನಿನ್ನೆ ಒಂದೇ ಹಗಲಿನಲ್ಲಿ ಕಲ್ಲುಕಂಬಗಳು ಎದ್ದಿದ್ದವು.

ಅವಳ ಕೈಯಲ್ಲಿ ಹಾಲುತುಪ್ಪದ ಚೊಂಬು. ಹಿಂದೆ ಮೈದುನ ಮುನಿಯಪ್ಪ, ಎಲೆಯಲ್ಲಿ ಕಟ್ಟಿದ ಮುದ್ದೆ, ಒಣಮೀನಿನ ಸಾರು, ಒಂದು ಕಟ್ಟು ಬೀಡಿ ಹಿಡಿದು ನಿಂತಿದ್ದ. ಮೂರನೇ ದಿನ ಹೊತ್ತು ನೆತ್ತಿಗೇರುವ ಮುಂಚೆ ಗುಂಡಿಯ ಮೇಲೆ ಹಾಲು ಬಿಡಬೇಕು, ಎಡೆಯನ್ನು ಕಾಗೆ ಮುಟ್ಟಬೇಕು. ಇಲ್ಲದಿದ್ದರೆ ಸತ್ತವನ ಬಾಯಾರಿಕೆ ತೀರುವುದಿಲ್ಲ.

ಪಾಪಣ್ಣ ಬದುಕಿದ್ದಷ್ಟು ಕಾಲ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಊರವರ ಗದ್ದೆಗೆಲ್ಲ ನೀರು ತಿರುಗಿಸಿದವನು. ಅವನದೆಂಬ ಗದ್ದೆ ಅಂಗೈಯಗಲವೂ ಇರಲಿಲ್ಲ. ಅಂಥವನು ತಂತಿಯ ಒಳಗೆ ಬಾಯಾರಿ ಮಲಗಿದ್ದಾನಲ್ಲ ಎಂದು ಮುನಿಲಕ್ಷ್ಮಿ ಹೊಂಗೆಮರದ ಕಡೆ ನೋಡಿದಳು.

“ನೀನೂ ನಮ್ಮ ಕಾಲೋನಿಯೋನೇ ಅಲ್ವೇನ್ಲಾ ಪಳನಿ?” ಎಂದ ಮುನಿಯಪ್ಪ. “ಒಸಿ ಬಿಡ್ಲಾ. ಆಲು ಉಯ್ದು ಬಂದ್ಬುಡ್ತೀವಿ.”

ಪಳನಿಯ ದನಿ ಇಳಿಯಿತು. “ಬೀಗದ ಸಾವಿ ನನ್ತಾವ ಇಲ್ಲಣ್ಣೋ. ಧನಶೇಖರ್ ಸಾಮಿ ಸೊಂಟದಾಗೈತೆ. ಸೇಲಮ್ಮಿಂದ ಆಫೀಸರ್‌ಗಳು ಬಂದವ್ರೆ, ಇಲ್ಲಿ ಗಿಡ ನೆಡ್ಬೇಕಂತೆ. ಗುಡಿ ತಾವ ಮೀಟಿಂಗ್ ನಡೀತೈತೆ, ಅಲ್ಲೋಗಿ ಕೇಳ್ರಿ. ನಿಮ್ನ ಬಿಟ್ರೆ ನನ್ನ ಕೂಲಿ ಓಯ್ತದೆ.”

ಕೀಲಿ ಕೇಳಲು ಇಬ್ಬರೂ ಊರೊಳಕ್ಕೆ ನಡೆದರು.

ಮಾರಮ್ಮನ ಗುಡಿಯ ಮುಂದಿನ ಅರಳಿಮರಕ್ಕೆ ಬ್ಯಾನರ್ ಕಟ್ಟಿದ್ದರು. ಉಷ್ಣವಲಯದ ಹಳ್ಳಿಗಳಲ್ಲಿ ಜನ ತಮ್ಮ ನೆಲ, ನೀರು, ಮರಗಳನ್ನು ಹೇಗೆ ಕೂಡಿ ಕಾಯುತ್ತಾರೆ ಎಂದು ತಿಳಿಯುವ ಸಂಶೋಧನೆಯಂತೆ. ಕೂಡಿ ಕಾಯುವವರೆಲ್ಲ ಕುರ್ಚಿಯ ಮೇಲೆ ಕೂತು ಬೋಂಡಾ ತಿನ್ನುತ್ತಿದ್ದರು. ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಊರಿನ ನಕ್ಷೆ ಬರೆದಿತ್ತು. ನೀಲಿ ಕೆರೆ, ಹಳದಿ ಗದ್ದೆ, ಹುಣಸೆಬೀಜದ ಮನೆಗಳು.

ಗುಡಿಯ ಬಯಲಿನ ಅಂಚಿಗೆ ಒಂದು ನೆಟ್ಟ ಕಲ್ಲಿತ್ತು, ಕಾಲೋನಿಯವರು ಅದನ್ನು ದಾಟುವಂತಿರಲಿಲ್ಲ. ಮುನಿಲಕ್ಷ್ಮಿ, ಮುನಿಯಪ್ಪ ಅಲ್ಲೇ ನಿಂತರು.

ಸಂಶೋಧನೆಯ ಶ್ರೀನಿಧಿ ಸೇಲಂ ಪೇಟೆಯ ಕನ್ನಡದವನು, ನಗುಮುಖದ ಹುಡುಗ. “ಕಾಲೋನಿಯವ್ರಾ? ಯಾರೂ ಬರ್ಲಿಲ್ವಲ್ಲ ಅಂತಿದ್ದೆ. ಯಾಕಮ್ಮಾ ಅಲ್ಲೇ ನಿಂತ್ರಿ? ಒಳಗೆ ಬನ್ನಿ.”

ಕುರ್ಚಿಗಳ ಮೇಲಿದ್ದವರು ಧನಶೇಖರ್ ಕಡೆ ತಿರುಗಿದರು.

“ಅವ್ರು ಅಲ್ಲೇ ಇರ್ತಾರೆ ಸಾರ್. ಅವ್ರಿಗೆ ಅಲ್ಲೇ ಸುಖ,” ಎಂದ ಧನಶೇಖರ್. ಕೆರೆಯ ಕೆಳಗಿನ ಗದ್ದೆಯಲ್ಲಿ ಮುಕ್ಕಾಲು ಪಾಲು ಅವನದು, ಗಿಡ ನೆಡುವ ಸಮಿತಿಗೂ ಅವನೇ ಅಧ್ಯಕ್ಷ.

“ಸಾಮೀ, ಬೀಗದ ಸಾವಿ ಕೊಡ್ರಿ. ನನ್ನ ಗಂಡನ್ಗೆ ಇವತ್ತು ಆಲುತುಪ್ಪ. ಬಿಟ್ಟು ಬಂದ್ಬುಡ್ತೀನಿ.”

“ಹೆಣದ ಸೂತಕ ಒತ್ಕೊಂಡು ಗುಡಿ ಮುಂದಕ್ಕೆ ಬಂದಿದ್ದೀಯಲ್ಲೇ, ಬೋಸುಡಿ! ಯಾವ ಸುಡುಗಾಡೇ ಅದು? ಸರ್ಕಾರಿ ಪೊರಂಬೋಕು ಬೀಳು. ಗುಂಡಿ ತೋಡಿ ಊತ್ಬುಟ್ರೆ ಸುಡುಗಾಡಾಗೋಯ್ತದಾ?”

“ನಮ್ಮತ್ತೆ ಮಾವ ಅಲ್ಲೇ ಅವ್ರೆ ಸಾಮಿ. ನನ್ನೆರಡು ಕೂಸ್ಗಳೂ ಅಲ್ಲೇ ಅವೆ.”

“ಒಂದು ಕಲ್ಲೈತಾ? ಗೋರಿ ಐತಾ? ತೋರ್ಸು ನೋಡಾನ!”

“ಕಲ್ಲು ನೆಟ್ರೆ ನಿಮ್ಮಪ್ಪಾರು ಕೀಳಿಸ್ತಿದ್ರಲ್ಲ ಸಾಮಿ,” ಎಂದಳು ಮುನಿಲಕ್ಷ್ಮಿ, ಮೆಲ್ಲಗೆ.

ಶ್ರೀನಿಧಿಯ ಮುಖ ಸಣ್ಣಗಾಯಿತು. “ಅಮ್ಮಾ, ಈ ನಕ್ಷೆ ನಾವು ಬರೆದಿದ್ದಲ್ಲ. ಊರವರೇ ಕೂತು ಬರೆದದ್ದು. ಅಲ್ಲಿ ಸುಡುಗಾಡಿದೆ ಅಂತ ಒಬ್ರೂ ಹೇಳ್ಲಿಲ್ಲ. ನಿಮ್ಮ ಮಾತನ್ನೂ ರಿಪೋರ್ಟಲ್ಲಿ ಹಾಕ್ತೀನಿ, ಖಂಡಿತ. ಸಾರ್, ಒಂದರ್ಧ ಗಂಟೆ ಬಿಟ್ಟುಬಿಡಿ ಪಾಪ...”

“ಈಗ ಜೇಸಿಬಿ ಬರ್ತೈತೆ, ಗಿಡಕ್ಕೆ ಗುಂಡಿ ತೋಡ್ಬೇಕು. ನಾಳಿದ್ದು ಬರ್ಲಿ.”

ಜೇಸಿಬಿ ಎಂದದ್ದೇ ಮುನಿಲಕ್ಷ್ಮಿಗೆ ಗಂಡನ ಗುಂಡಿ ಕಣ್ಣಿಗೆ ಕಟ್ಟಿತು. ಮೊನ್ನೆ ಮುಚ್ಚಿದ ಮಣ್ಣು ಇನ್ನೂ ಹಸಿ. ಅವಳು ಚೊಂಬನ್ನು ಸೆರಗಿನಿಂದ ಮುಚ್ಚಿಕೊಂಡು ನಕ್ಷೆಯನ್ನೇ ನೋಡಿದಳು.

“ನಮ್ಮ ಕಾಲೋನಿ ಎಲ್ಲೈತೆ ಇದ್ರಾಗೆ?”

ಶ್ರೀನಿಧಿ ಹುಡುಕಿದ. “ಅದು... ಜಾಗ ಸಾಲ್ಲಿಲ್ಲ ಅನ್ಸುತ್ತೆ. ಪೇಪರಿಗೆ ಇಳಿಸೋವಾಗ ಸೇರಿಸ್ಕೊಳ್ತೀವಿ.”

“ಕೆರೆ ಅಂಚಿನ ಒಂಗೆಮರ?”

“ಅದಿದೆ, ನೋಡಿ!” ಅವನಿಗೆ ಹೋದ ಜೀವ ಬಂದಂತಾಯಿತು. ನೀಲಿ ಪುಡಿಯ ಮಗ್ಗುಲಿಗೆ, ಹಸಿರು ಪುಡಿಯ ನಡುವೆ ಯಾರೋ ಒಂದು ಹೊಂಗೆಯ ಕಡ್ಡಿ ಸಿಕ್ಕಿಸಿದ್ದರು. ಊರಿನ ಕಣ್ಣಿಗೆ ಮರ ಕಂಡಿತ್ತು. ಬುಡದಲ್ಲಿ ಮಲಗಿದವರು ಕಂಡಿರಲಿಲ್ಲ.

ಹೊತ್ತು ನೆತ್ತಿಗೇರುತ್ತಾ ಅರಳಿಮರದ ನೆರಳು ಬುಡಕ್ಕೆ ಸರಿಯುತ್ತಿತ್ತು. ಮುನಿಲಕ್ಷ್ಮಿ ಕಲ್ಲು ದಾಟಿದಳು.

“ಅತ್ಗೇ, ಬ್ಯಾಡ!” ಎಂದ ಮುನಿಯಪ್ಪ.

ಹಳದಿ ಗದ್ದೆಗಳನ್ನು ತುಳಿದುಕೊಂಡೇ ಅವಳು ನಡೆದಳು. ಧನಶೇಖರ್ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. “ಇಡ್ಕೊಳ್ರೋ ಅವಳ್ನ! ಅಮ್ಮನ ನೆಲ ಮೈಲಿಗೆ ಮಾಡ್ತಾವ್ಳೆ, ಎಳ್ದಾಕ್ರೋ!”

ಯಾರೂ ಮುಂದೆ ಬರಲಿಲ್ಲ. ಹಿಡಿಯಬೇಕಾದರೆ ಮುಟ್ಟಬೇಕಲ್ಲ! ಹುಟ್ಟಿದಂದಿನಿಂದ ಅವಳನ್ನು ಹೊರಗಿಟ್ಟಿದ್ದೇ ಈಗ ಅವಳನ್ನು ಕಾಯಿತು.

ಹೊಂಗೆಕಡ್ಡಿಯ ಬುಡದಲ್ಲಿ ಕೂತು ಚೊಂಬು ಬಗ್ಗಿಸಿದಳು. “ಕುಡಿ,” ಎಂದಳು. ಮೊನ್ನೆಯಿಂದ ಬಾರದಿದ್ದ ಅಳು ಈಗ ಬಂತು. “ಕುಡಿ ನನ್ನಪ್ಪಾ. ಎಲ್ಲಾರ್ಗೂ ನೀರು ಬುಟ್ಟೆ, ನಿನ್ನ ಗಂಟ್ಲೇ ಒಣಗೋಯ್ತಲ್ಲಾ.” ಹಸಿರು ಪುಡಿ ಹಾಲಿನಲ್ಲಿ ಕರಗಿ ನಕ್ಷೆಯ ನೀಲಿ ಕೆರೆಯೊಳಕ್ಕೆ ಹರಿಯಿತು.

“ಎಲೆ ತತ್ತಾರೋ ಮುನಿಯಪ್ಪಾ.”

ಮುನಿಯಪ್ಪ ಕಲ್ಲನ್ನು ನೋಡಿದ, ಧನಶೇಖರನನ್ನು ನೋಡಿದ. ಆದರೂ ದಾಟಿ ಬಂದ. ಅವಳು ಎಲೆ ಹಾಸಿ ಮುದ್ದೆ ಮುರಿದಿಟ್ಟಳು, ಸಾರು ಬಿಟ್ಟಳು, ಒಂದು ಬೀಡಿ ಹಚ್ಚಿ ಪಕ್ಕಕ್ಕಿಟ್ಟಳು.

ಕಾರಿಮಂಗಲಂ ರಸ್ತೆಯ ಕಡೆಯಿಂದ ಜೇಸಿಬಿಯ ಸದ್ದು ಕೇಳಿಸತೊಡಗಿತು. ಅರಳಿಮರದ ತುಂಬ ಕಾಗೆ. ಸುತ್ತ ಇಷ್ಟು ಜನ ನಿಂತಿದ್ದರಿಂದ ಒಂದೂ ಕೆಳಗಿಳಿಯಲಿಲ್ಲ. ಮುನಿಲಕ್ಷ್ಮಿ ಕಣ್ಣೊರೆಸಿಕೊಂಡು ತಲೆಯೆತ್ತಿ ಊರನ್ನು ನೋಡಿದಳು.

“ಎಲ್ರೂ ಒಸಿ ದೂರ ನಿಂತ್ಕೊಳ್ರಿ,” ಎಂದಳು. “ಕಾಗೆ ಬರ್ಬೇಕು.”