ಖಾಲಿ ಕುರ್ಚಿಯ ಆಟ

ಇಸ್ಪೀಟು ಪಂದ್ಯದ ಮೇಜಿನಲ್ಲಿ ಅವನು ಮತ್ತೆ ಎಲೆ ಕೆಳಗಿಟ್ಟ. ಎಕ್ಕ, ಜೊತೆಗೆ ಹತ್ತು, ಬಿಡುವ ಎಲೆಯಲ್ಲ. ಮುಂದೆ ಉಳಿದಿದ್ದುದು ಪಣಕ್ಕಿಡುವ ಒಂದು ಹಿಡಿ ಬಿಲ್ಲೆ. ಇಷ್ಟಕ್ಕಿಳಿದ ಮೇಲೆ ಚೂರುಪಾರು ಪಣ ಕಟ್ಟಿ ಕಾದು ನೋಡುವಂತಿಲ್ಲ; ಎಲ್ಲವನ್ನೂ ಒಮ್ಮೆಗೇ ತಳ್ಳಬೇಕು, ಇಲ್ಲವೇ ಎಲೆ ಬಿಡಬೇಕು. ಸಂಖ್ಯಾಶಾಸ್ತ್ರದ ಮೇಷ್ಟ್ರಾದ ಅವನಿಗೆ ಯಾವ ಎಲೆಗೆ ತಳ್ಳಬೇಕೆಂಬ ಲೆಕ್ಕ ಬಾಯಿಪಾಠ. ತಳ್ಳುವುದೊಂದು ಆಗುತ್ತಿರಲಿಲ್ಲ. ತಾಳಿದವನು ಬಾಳಿಯಾನು ಎಂದುಕೊಂಡು ಬಿಡುತ್ತಿದ್ದ. ಬಿಟ್ಟಾಗಲೆಲ್ಲ ಮೈ ಹಗುರಾಗುತ್ತಿತ್ತು.

ಪಕ್ಕದ ಲಾರಿ ಮಾಲೀಕ ಎಲ್ಲ ತಳ್ಳಿ, ಸೋತು, ನಗುತ್ತಲೇ ಎದ್ದು ಹೋದ. ಪಾಪ, ಅವಸರದ ಮನುಷ್ಯ.

ಜೇಬಿನಲ್ಲಿ ಫೋನ್ ನಡುಗಿತು. ಹೆಂಡತಿ. ಬೇರೆ ಊರಿಗೆ ವರ್ಗವಾಗಿ ಸಂಜೆಯ ರೈಲಿಗೆ ಹೊರಟಿದ್ದಳು. ಜೊತೆಗೆ ಬರುತ್ತೀರಾ ಎಂದು ಎಷ್ಟೋ ದಿನದಿಂದ ಕೇಳುತ್ತಿದ್ದಳು. ಅವನು ಅಡ್ಡಗೋಡೆಯ ಮೇಲೆ ದೀಪ ಇಡುತ್ತಲೇ ಬಂದಿದ್ದ. ಎದ್ದು ಕಿಟಕಿಯ ಹತ್ತಿರ ಹೋದ.

"ನಿಮ್ಮ ಟಿಕೆಟ್ಟೂ ನನ್ನ ಹತ್ರಾನೇ ಇದೆ. ಬರ್ತೀರೋ, ಇಲ್ವೋ?"

"ನೋಡೋಣ."

"ಇನ್ನೇನು ನೋಡೋದು?"

"ಆಟ ಮುಗೀಲಿ."

ಅವಳು ಸಿಟ್ಟಾಗಲಿಲ್ಲ. "ಸರಿ, ನಾನು ಹೊರಡ್ತೀನಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ," ಎಂದು ಫೋನ್ ಇಟ್ಟಳು. ಜಗಳವಿಲ್ಲದೆ ಮುಗಿಯಿತಲ್ಲ ಎಂದು ಅವನಿಗೆ ನಿಜಕ್ಕೂ ಸಂತೋಷವಾಯಿತು.

ತಿರುಗಿ ಬಂದರೆ ಆಟವೇನೂ ನಿಂತಿರಲಿಲ್ಲ. ಆಳಿಲ್ಲದ ಜಾಗಕ್ಕೂ ಎಲೆ ಹಾಕುವುದು ಅಲ್ಲಿನ ನಿಯಮ. ಎಲೆ ಹಂಚುವವಳು ಅವನ ಕುರ್ಚಿಯ ಮುಂದೆ ಎರಡು ಎಲೆ ಇಟ್ಟಳು, ಆಡಲಿ ಬಿಡಲಿ ಕಟ್ಟಲೇಬೇಕಾದ ಬಿಲ್ಲೆಯನ್ನು ಅವನ ರಾಶಿಯಿಂದ ಎತ್ತಿಕೊಂಡಳು, ಸರದಿ ಬಂದಾಗ ಎಲೆಗಳನ್ನು ಮಗುಚದೆ ಹಿಂದಕ್ಕೆಳೆದುಕೊಂಡಳು. ಅವನೆಲ್ಲಿ ಎಂದು ಯಾರೂ ಕೇಳಲಿಲ್ಲ. ಅವನು ಕುರ್ಚಿಯ ಹಿಂದೆ ನಿಂತು ನೋಡಿದ. ತಾನು ಕೂತಿದ್ದರೂ ಇದನ್ನೇ ಮಾಡುತ್ತಿದ್ದ. ಕುರ್ಚಿಯ ಆಟದಲ್ಲಿ ಎಣಿಸಿ ಹೇಳುವಂಥ ತಪ್ಪು ಅವನಿಗೆ ಕಾಣಲಿಲ್ಲ.

ಕೂರಬಹುದಿತ್ತು. ಕೂರಲಿಲ್ಲ.

ಅಷ್ಟರಲ್ಲಿ ಆಚೆಯ ಮೇಜಿನಲ್ಲಿ ಇಬ್ಬರು ಸೋತೆದ್ದರು. ಉಳಿದವರೆಲ್ಲ ಪಂದ್ಯ ಗೆಲ್ಲುವವರ ಕೊನೆಯ ಮೇಜಿಗೆ ಬಂದರೆಂದು ಮೇಲ್ವಿಚಾರಕ ಸಾರಿ, ಅವನಿಗೆ ಉಳಿದಿದ್ದ ನಾಲ್ಕು ಬಿಲ್ಲೆಗಳನ್ನು ತಾನೇ ಒಯ್ದು ಅಲ್ಲಿನ ಒಂದು ಖಾಲಿ ಕುರ್ಚಿಯ ಮುಂದೆ ಜೋಡಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ, ಮನಸಾರೆ.

ರೈಲು ಹೊರಟಿರಬೇಕು. ಅವಳ ಪಕ್ಕದ ಸೀಟಿನ ಹೆಸರು ಕೂಗಿ, ಉತ್ತರ ಬಾರದೆ, ಟಿಕೆಟ್ ನೋಡುವವನು ಮುಂದೆ ಹೋಗಿರಬೇಕು.

ಎಲೆ ಹಂಚುವವಳು ಅವನ ಹೊಸ ಕುರ್ಚಿಗೂ ಎರಡು ಎಲೆ ಹಾಕಿದಳು. ಸರದಿ ಬಂತು. ಅವನು ಉಸಿರು ಹಿಡಿದು ನೋಡಿದ. ಅವಳು ಎಲೆಗಳನ್ನು ಎಳೆದುಕೊಂಡಳು.